ಹಗುರಾದ ಎಂಜಿನ್

ಕರೆಂಟ್ ಹೋದರೆ ನಮ್ಮ ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತು ಬೈಯುತ್ತಾರೆ. ವೈರಣ್ಣ ಮಾತ್ರ ಅಂಗಳಕ್ಕಿಳಿದು ಕಾರು ಸ್ಟಾರ್ಟ್ ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಮಹಡಿಯ ಕೋಣೆಯಲ್ಲಿ ಅವರ ಹೆಂಡತಿಯ ಆಕ್ಸಿಜನ್ ಯಂತ್ರ ಉಸಿರಾಡಲು ತೊಡಗುತ್ತದೆ. ಆ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುತ್ತಿದ್ದವರು, ತೀರಿಹೋಗಿ ನಾಲ್ಕು ವರ್ಷವಾಯಿತು. ಅದೇ ಮನೆಯ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದು ಬಟ್ಟೆ ಹೊಲಿಯುವವಳು ನಾನು. ತಲೆಯ ಮೇಲೆ ಆ ಉಸಿರು ಶುರುವಾದರೆ ನನಗೆ ಸೂಜಿಗೆ ದಾರ ಪೋಣಿಸಲೂ ಆಗುವುದಿಲ್ಲ.

ವೈರಣ್ಣನಿಗೆ ಬೇರೆ ಹೆಸರಿದೆ, ಯಾರಿಗೂ ನೆನಪಿಲ್ಲ. ಕಾರುಗಳ ವೈರಿಂಗ್ ಕೆಲಸದಲ್ಲೇ ತಲೆ ನರೆತವರು. ಬಾನೆಟ್ ಎತ್ತುವ ಮೊದಲೇ ಸದ್ದು ಕೇಳಿ ಕಾಯಿಲೆ ಹೇಳುತ್ತಿದ್ದರು. ಅತ್ತಿಗೆಯ ಶ್ವಾಸಕೋಶ ಕೈಕೊಟ್ಟು, ಯಂತ್ರವಿಲ್ಲದೆ ಉಸಿರಿಲ್ಲ ಎನ್ನುವಂತಾದಾಗ, ಯಾರೂ ಮೂಸಿ ನೋಡದ ಹಳೇ ಕಾರೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ಮುಂದಿನ ಸೀಟಿನ ಕೆಳಗೆ ಇನ್ವರ್ಟರ್ ಕೂರಿಸಿ, ಕಿಟಕಿಯಿಂದ ಮಹಡಿಗೆ ವೈರ್ ಎಳೆದರು.

ಅತ್ತಿಗೆಯ ಮಂಚದ ಪಕ್ಕ ಒಂದು ಸ್ವಿಚ್ ಇತ್ತು. ಒಂದು ಕಡೆ ತಿರುಗಿಸಿದರೆ ಕಾರು, ಇನ್ನೊಂದು ಕಡೆಗೆ ಬೀದಿಯ ಕರೆಂಟ್ ಲೈನ್. ಕರೆಂಟ್ ಬಂದೊಡನೆ ಅದರ ಮೇಲಿನ ಪುಟ್ಟ ಬಲ್ಬು ಹತ್ತುತ್ತಿತ್ತು, ಅತ್ತಿಗೆ ಮಲಗಿದ್ದಲ್ಲಿಂದಲೇ ಲೈನ್ ಕಡೆಗೆ ತಿರುಗಿಸುತ್ತಿದ್ದರು. ಭಾರ ಇಳಿದು ಕೆಳಗೆ ಎಂಜಿನ್ ಸದ್ದು ಹಗುರಾಗುತ್ತಿತ್ತು. ಅದನ್ನು ಕೇಳಿಸಿಕೊಂಡು ವೈರಣ್ಣ ಸೀಟಿನ ಕೆಳಗೆ ಕೈಹಾಕಿ, ನೋಡದೆಯೇ ಇನ್ವರ್ಟರ್ ಆರಿಸಿ, ಆಮೇಲೆ ಕಾರು ನಿಲ್ಲಿಸುತ್ತಿದ್ದರು. ಕೂಗಿ ಹೇಳುವಷ್ಟು ಉಸಿರು ಅತ್ತಿಗೆಗಿರಲಿಲ್ಲ. ಗಂಡ ಹೆಂಡಿರ ಮಾತೆಲ್ಲ ಎಂಜಿನ್ನಿನ ಮೂಲಕವೇ ನಡೆಯುತ್ತಿತ್ತು.

ನನಗೂ ಪಾಪವೆಂದು ಅದೇ ಇನ್ವರ್ಟರಿನಿಂದ ಒಂದು ವೈರ್ ಕೊಟ್ಟಿದ್ದರು.

"ಮೊಬೈಲ್ ಚಾರ್ಜ್ ಮಾಡ್ಕೊ, ಒಂದು ಲೈಟ್ ಹಾಕ್ಕೊ. ಬೇರೇನೂ ಬೇಡ ತಂಗಿ, ತಡಿಯಲ್ಲ."

ಅತ್ತಿಗೆ ತೀರಿಕೊಂಡ ದಿನ ಮಧ್ಯಾಹ್ನ ಕರೆಂಟ್ ಹೋಗಿತ್ತು. ಗಿರಾಕಿಯೊಬ್ಬ ಶರಟಿಗಾಗಿ ಬಾಗಿಲಲ್ಲೇ ನಿಂತಿದ್ದ. ಕಾಲರ್ ಒಂದಕ್ಕೆ ಇಸ್ತ್ರಿ ಬಾಕಿ. ಒಂದು ಕಾಲರಿಗೆ ಏನು ಮಹಾ ಎಂದುಕೊಂಡು ಇಸ್ತ್ರಿಪೆಟ್ಟಿಗೆಯನ್ನು ಆ ವೈರಿಗೇ ಚುಚ್ಚಿದೆ. ಎಂಜಿನ್ ಒಮ್ಮೆ ನರಳಿತು, ಮರುಕ್ಷಣ ಹಗುರಾಯಿತು. ನನ್ನ ಲೈಟೂ ಆರಿತು. ಭಾರ ತಾಳದೆ ಇನ್ವರ್ಟರ್ ಕೈಚೆಲ್ಲಿತ್ತು. ಇಸ್ತ್ರಿಪೆಟ್ಟಿಗೆಯನ್ನು ಕಿತ್ತು ಬಟ್ಟೆಗಂಟಿನ ಹಿಂದೆ ತಳ್ಳಿದೆ. ಹೊರಗೆ ವೈರಣ್ಣ ಕರೆಂಟ್ ಬಂತೆಂದುಕೊಂಡು ಕಾರು ನಿಲ್ಲಿಸಿ, ಕೈ ತೊಳೆದು, ಮೆಟ್ಟಿಲ ಮೇಲೆ ಪೇಪರ್ ಹಿಡಿದು ಕೂತರು.

ನನ್ನ ಫ್ಯಾನು ತಿರುಗುತ್ತಿರಲಿಲ್ಲ. ಕರೆಂಟ್ ಬಂದಿಲ್ಲವೆಂದು ನನಗೆ ಗೊತ್ತಿತ್ತು. ಎದ್ದು ಹೋಗಿ ಹೇಳಿದ್ದರೆ ಬೈಸಿಕೊಳ್ಳಬೇಕಿತ್ತು, ಅಷ್ಟೆ. ಬೈಗುಳಕ್ಕೆ ಹೆದರಿ ನಾನು ಗುಂಡಿ ಹೊಲಿಯುತ್ತಾ ಕೂತೆ. ಅರ್ಧ ಗಂಟೆಯ ಮೇಲೆ ವೈರಣ್ಣ ಮಹಡಿ ಹತ್ತಿದರು.

ಹತ್ತು ದಿನ ಕಳೆದ ಮೇಲೆ ನನ್ನ ಬಾಗಿಲಿಗೆ ಬಂದು ನಿಂತರು.

"ಸ್ವಿಚ್ ಲೈನ್ ಕಡೆ ತಿರುಗಿತ್ತು ತಂಗಿ. ಲೈನಲ್ಲಿ ಕರೆಂಟೇ ಇರಲಿಲ್ಲ. ಬೇಕಂತಲೇ ತಿರುಗಿಸಿದ್ದಾಳೆ. 'ನಿನ್ನಿಂದ ನನಗೆ ಕೆಲಸಕ್ಕೂ ಹೋಗೋಕಾಗ್ತಿಲ್ಲ' ಅಂತ ಆವತ್ತು ಬೆಳಿಗ್ಗೆ ಅವಳಿಗೆ ಅಂದಿದ್ದೆ. ಅದಕ್ಕೆ."

ಆಗಲಾದರೂ ಹೇಳಬಹುದಿತ್ತು. ಎಂಥ ಹೇಡಿ ನಾನು. ಹಾಳಾದ ಆ ಇಸ್ತ್ರಿಪೆಟ್ಟಿಗೆಯಲ್ಲೇ ಇಷ್ಟು ವರ್ಷವೂ ಊರಿನ ಬಟ್ಟೆಗೆಲ್ಲ ಇಸ್ತ್ರಿ ಮಾಡಿದೆ. ವೈರಣ್ಣ ಅತ್ತಿಗೆಯ ಫೋಟೊ ಗೋಡೆಗೆ ಹಾಕಲಿಲ್ಲ, ಬಾಯಿತಪ್ಪಿಯೂ ಅವರ ಸುದ್ದಿ ಎತ್ತಲಿಲ್ಲ. ಕರೆಂಟ್ ಹೋದಾಗಲೆಲ್ಲ ಯಂತ್ರ ಹಚ್ಚಿಟ್ಟು, ಸ್ಟೀರಿಂಗ್ ಮೇಲೆ ತಲೆಯಿಟ್ಟು ಎಂಜಿನ್ ಕೇಳುತ್ತಾ ಕೂರುತ್ತಿದ್ದರು. ಕೆಲವು ಸಲ ಮೇಲಿನ ಉಸಿರಿನ ನಡುವೆ ಸ್ವಿಚ್ಚಿನ ಟಕ್ಕೆಂಬ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮೇಲೆ ಯಾರೂ ಇರುತ್ತಿರಲಿಲ್ಲ.

ಮೊನ್ನೆ ಮಧ್ಯಾಹ್ನ ಮತ್ತೆ ಕರೆಂಟ್ ಹೋಯಿತು. ಕಾರು ಶುರುವಾಯಿತು, ಯಂತ್ರವೂ. ನನಗೆ ಸಾಕುಸಾಕಾಗಿತ್ತು. ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು, ನನಗೆ ಕೊಟ್ಟಿದ್ದ ವೈರನ್ನು ಎಳೆದುಕೊಂಡು ಅಂಗಳಕ್ಕೆ ಹೋದೆ. ಬಾಯಲ್ಲಿ ಹೇಳುವ ಧೈರ್ಯ ಆಗಲೂ ಇರಲಿಲ್ಲ. ಅವರ ಕಣ್ಣೆದುರೇ ಚುಚ್ಚಿದೆ.

ಎಂಜಿನ್ ನರಳಿತು, ಹಗುರಾಯಿತು. ಮೇಲಿನ ಉಸಿರು ನಿಂತಿತು.

ವೈರಣ್ಣ ನಿಧಾನಕ್ಕೆ ತಲೆಯೆತ್ತಿದರು. "ಇದೇ ಸದ್ದು."

"ಹೌದಣ್ಣ. ಆವತ್ತೂ ನಾನೇ."

ಇಸ್ತ್ರಿಪೆಟ್ಟಿಗೆಯನ್ನು ನೋಡಿದರು. "ಮತ್ತೆ ಅವಳು ಸ್ವಿಚ್ ತಿರುಗಿಸಿದ್ದು?"

"ಯಂತ್ರ ನಿಂತಿತಲ್ಲ ಅಣ್ಣ. ಲೈನಲ್ಲಾದ್ರೂ ಕರೆಂಟ್ ಇದೆಯಾ ಅಂತ ನೋಡಿರಬೇಕು."

"ಉಳ್ಕೊಳ್ಳೋಕೆ ನೋಡಿದ್ಲು," ಎಂದರು. "ನಾನು ಇಲ್ಲಿ ಪೇಪರ್ ಓದ್ತಿದ್ದೆ."

ನಾನು ನಿಂತಲ್ಲೇ ಅಳುತ್ತಿದ್ದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಾರು ನಿಲ್ಲಿಸಿದರು. ನನ್ನ ವೈರನ್ನು ಕಿತ್ತು, ಎಂದಿನಂತೆ ಅಂಗೈಗೂ ಮೊಣಕೈಗೂ ಅಚ್ಚುಕಟ್ಟಾಗಿ ಸುತ್ತಿ, ನನ್ನ ಕೈಗೆ ಕೊಟ್ಟರು.

"ನಾಲ್ಕು ವರ್ಷ ಅವಳ ಮೇಲೆ ಕೋಪ ಮಾಡ್ಕೊಂಡೆನಲ್ಲೇ."

ಅಷ್ಟೇ ಹೇಳಿ ಮಹಡಿ ಹತ್ತಿದರು. ಕರೆಂಟ್ ಇನ್ನೂ ಬಂದಿರಲಿಲ್ಲ, ಕಾರು ಸುಮ್ಮನಿತ್ತು, ಯಂತ್ರವೂ ಸುಮ್ಮನಿತ್ತು. ಸ್ವಲ್ಪ ಹೊತ್ತಿಗೆ ಆ ಕೋಣೆಯಿಂದ ವೈರಣ್ಣನ ದನಿ ಕೇಳಿಸಿತು. ಅತ್ತಿಗೆಯನ್ನು ಹೆಸರು ಹಿಡಿದು ಕರೆಯುತ್ತಿದ್ದರು.