ಇಂಗಿನ ಡಬ್ಬದ ಚೀನಾ ಚಾ

ಮೊನ್ನೆ ಹೋಟೆಲಿನ ಸ್ಟೋರ್ ರೂಮಲ್ಲಿ ಇಂಗಿನ ಹಳೆ ಡಬ್ಬದ ಮುಚ್ಚಳ ತೆಗೆದೆ. ತೆಗೆದ ಕೂಡ್ಲೇ ಸಿಟ್ಟು ಬಂತು. ಇಂಗಿನ ವಾಸನೆಗೆ ಯಾರಿಗಾದ್ರೂ ಸಿಟ್ಟು ಬರ್ತದಾ ಅಂತ ಕೇಳ್ಬೇಡಿ. ನನಗೆ ಬರ್ತದೆ. ಡಬ್ಬದ ಅಡಿಯಲ್ಲಿ ಒಂದು ಸಣ್ಣ ಕಾಗದದ ಪ್ಯಾಕೆಟ್ ಬಿದ್ದಿತ್ತು. ಅದರ ಮೇಲೆ ಬಾಲ್‌ಪೆನ್ನಲ್ಲಿ ಏಳು ಅಂತ ನಂಬರ್, ನನ್ನದೇ ಅಕ್ಷರ. ಒಳಗೆ ಹಳೆ ಬೆಲ್ಲದ ತುಂಡಿನ ಹಾಗೆ ಕಪ್ಪಗೆ, ಗಟ್ಟಿಯಾಗಿ ಚೀನಾದ ಚಾ. ಪು-ಅರ್ ಅಂತ ಅದರ ಹೆಸರು.

ನಾನು ಹುಡುಕ್ಲಿಕ್ಕೆ ಹೋದದ್ದೂ ಅದನ್ನೇ. ಹಿಂದಿನ ದಿನ ಡೊಂಬಿವಲಿಯಿಂದ ರತ್ನಕ್ಕ ಫೋನ್ ಮಾಡಿದ್ರು. "ಅಣ್ಣ ಈಗ ಗ್ಲಾಸೇ ಮುಟ್ಟುದಿಲ್ಲ ಮಾರಾಯ. ನೀರು ಕೊಟ್ರೂ ಆಚೆ ದೂಡ್ತಾರೆ. ನೀನೊಮ್ಮೆ ಬಾ" ಅಂದ್ರು. ಅಣ್ಣ ಅಂದ್ರೆ ವಾಸಣ್ಣ, ನನಗೆ ಚಾ ಮಾಡ್ಲಿಕ್ಕೆ ಕಲಿಸಿದ ಜನ. ರತ್ನಕ್ಕ ಅವರ ತಂಗಿ.

ಥಾಣೆ ಹತ್ರದ ಕೋಪರಖೈರಣೆಯ ನಮ್ಮ ಹೋಟೆಲಲ್ಲಿ ವಾಸಣ್ಣ ಇಪ್ಪತ್ತೈದು ವರ್ಷ ಚಾ ಕೌಂಟರಲ್ಲಿ ನಿಂತವರು. ನಾನು ಏಳನೇ ಕ್ಲಾಸಲ್ಲಿ ಶಾಲೆ ಬಿಟ್ಟವ. ಕುಂದಾಪುರದ ಕಡೆಯಿಂದ ಬಂದು, ಕಪ್ ತೊಳೆದು ತೊಳೆದು, ಕೊನೆಗೆ ಅವರ ಪಕ್ಕ ನಿಂತೆ. ಅವರು ಪುಸ್ತಕ ನೋಡಿ ಕಲಿಸಿದ್ದಲ್ಲ. ಚಾದ ಪುಡಿ ಬಂದ್ರೆ ಅಂಗೈಗೆ ಒಂದು ಚಿಟಿಕೆ ಹಾಕಿ, ಹೆಬ್ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡೀತಿದ್ರು. "ಇದು ಆಗುದಿಲ್ಲ, ವಾಪಸ್ ಕಳಿಸು" ಅಂದ್ರೆ ಮುಗೀತು, ಧಣಿಯೂ ಮಾತಾಡುದಿಲ್ಲ. ಪುಡಿ ಜಾಸ್ತಿ ಕುದಿಸಿದ್ರೆ ನನಗೆ ಬೈಗುಳ, ಕಡಿಮೆ ಕುದಿಸಿದ್ರೂ ಬೈಗುಳ. "ನೀನು ಮಾಡಿದ್ದು ಚಾ ಅಲ್ಲ, ಚಾದ ಬಟ್ಟೆ ಹಿಂಡಿದ ನೀರು" ಅಂತಿದ್ರು.

ಐದಾರು ವರ್ಷದ ಹಿಂದೆ ಅವರ ಆರೋಗ್ಯ ಕೆಟ್ಟಿತು. ವಾಶಿಯ ಡಾಕ್ಟರು ಹಾಲು ಬಂದ್, ಸಕ್ಕರೆ ಬಂದ್, ಉಪ್ಪು ಖಾರ ಕಮ್ಮಿ ಅಂತ ಒಂದೇ ಉಸಿರಲ್ಲಿ ಹೇಳಿ ಕಳಿಸಿದ್ರು. ಬೇಕಿದ್ರೆ ಕರಿ ಚಾ ಕುಡೀರಿ ಅಂತೆ. ಹೇಳುದು ಸುಲಭ ಅಲ್ವಾ? ದಿನಕ್ಕೆ ಸಾವಿರ ಜನಕ್ಕೆ ಚಾ ಕೊಟ್ಟ ಮನುಷ್ಯ ಅವರು. ನಾನು ನಮ್ಮ ಪುಡಿಯನ್ನೇ ಹಾಲಿಲ್ಲದೆ ಮಾಡಿ ಕೊಟ್ಟೆ. ಒಂದು ಗುಟುಕು ಕುಡಿದು ಸಿಂಕಿಗೆ ಚೆಲ್ಲಿದ್ರು. ಕೆಲಸ ಬಿಟ್ಟ ಮೇಲೂ ದಿನಾ ಹನ್ನೊಂದಕ್ಕೆ ಬಂದು ಕ್ಯಾಶ್ ಕೌಂಟರಿನ ಪಕ್ಕ ಕೂತ್ಕೊಳ್ತಿದ್ರು, ಎದುರು ಬಿಸಿನೀರಿನ ಗ್ಲಾಸ್ ಇಟ್ಕೊಂಡು. ಬಂದವರೆಲ್ಲ ಕಟಿಂಗ್, ಅಂದ್ರೆ ಅರ್ಧ ಗ್ಲಾಸ್ ಚಾ, ಕುಡಿದು ಹೋಗುದನ್ನು ನೋಡ್ತಾ. ಅವರಿಗೆ ಆಗುವ ಚಾ ಯಾವುದಾದ್ರೂ ಉಂಟಾ ಅಂತ ನಾನು ಗಿರಾಕಿಗಳಲ್ಲೆಲ್ಲ ಕೇಳ್ತಿದ್ದೆ.

ಆಗ ಐರೋಲಿಯ ಆಫೀಸಿನ ಒಬ್ರು ಮೇಡಂ ನಮ್ಮಲ್ಲಿಗೆ ತಿಂಡಿಗೆ ಬರ್ತಿದ್ರು. ವಾಸಣ್ಣನ ವಿಷಯ ಕೇಳಿ, "ಹಾಲೇ ಬೇಡದ ಚಾ ಉಂಟು, ಚೀನಾದ್ದು, ದಪ್ಪ ಇರ್ತದೆ, ಆನ್‌ಲೈನಲ್ಲಿ ಸಿಗ್ತದೆ. ಮೊದ್ಲು ಸ್ಯಾಂಪಲ್ ತರ್ಸಿ ನೋಡು" ಅಂತ ಹೇಳಿ ಹೋದ್ರು. ಸರಿ, ಆಗ ಮೊಬೈಲಲ್ಲಿ ನೆಟ್ ಅಗ್ಗ ಆದ ಹೊಸತು. ನಾನೂ ಹುಡುಕಿದೆ.

ಮಾರಾಯ್ರೆ, ಚಾ ಮಾರುವವರು ಅಷ್ಟು ಮಾತಾಡ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ. ಒಂದೊಂದು ಸ್ಯಾಂಪಲಿನ ಕೆಳಗೆ ಒಂದೊಂದು ಪುರಾಣ. ಇಂಗ್ಲಿಷು ನನಗೆ ಕೂಡಿಸಿ ಕೂಡಿಸಿ ಓದ್ಬೇಕು, ಆದ್ರೂ ಓದಿದೆ. ಒಂದಕ್ಕೆ ಒದ್ದೆ ಕಾಡಿನ ನೆಲದ ರುಚಿ ಅಂತೆ. ಒಂದಕ್ಕೆ ಹಳೆ ಪುಸ್ತಕದ ಕಪಾಟಿನದ್ದು. ಇನ್ನೊಂದಕ್ಕೆ ಚರ್ಮದ್ದು. ಚರ್ಮ! ಯಾರಾದ್ರೂ ಚಪ್ಪಲಿ ನೆನೆಸಿ ಕುಡೀತಾರಾ? ನಮ್ಮ ಹೋಟೆಲಲ್ಲಿ ಒಬ್ಬ ಗಿರಾಕಿ ಚಾದಲ್ಲಿ ಚರ್ಮದ ವಾಸನೆ ಬರ್ತದೆ ಅಂದ್ರೆ ಧಣಿ ನನ್ನನ್ನು ಆ ದಿನವೇ ಊರಿಗೆ ಕಳಿಸ್ತಾರೆ. ಇವ್ರು ಅದನ್ನೇ ಬರ್ದು ರೇಟ್ ಜಾಸ್ತಿ ಮಾಡ್ತಾರೆ.

ಇನ್ನು ಅದರಲ್ಲಿ ಎರಡು ಜಾತಿ. ಒಂದು ಹಸಿ, ಒಂದು ಹಣ್ಣಾದದ್ದು. ಅಂದ್ರೆ ಎಂತ, ಯಾವುದು ಯಾರಿಗೆ, ಹೊಸಬ ಮೊದ್ಲು ಯಾವುದು ಕುಡೀಬೇಕು, ಒಂದು ಲೈನ್ ಇಲ್ಲ. ನಾನು ಬಾಳೆಕಾಯಿ ಲೆಕ್ಕ ಹಾಕಿದೆ: ಕಾಯಿ ಪಲ್ಯಕ್ಕೆ, ಹಣ್ಣು ಬಾಯಿಗೆ. ಹಾಗಾಗಿ ಹಣ್ಣಾದದ್ದು ಆರು, ಇರ್ಲಿ ಅಂತ ಹಸಿ ಎರಡು. ವರ್ಷ ಬರ್ದಿದ್ರು, ಹಳೆಯದನ್ನೇ ಆರಿಸಿದೆ. ಇಡ್ಲಿಗೆ ಹಳೆ ಅಕ್ಕಿ ಆದ್ರೆ ಚಾಕ್ಕೆ ಯಾಕೆ ಆಗ್ಬಾರ್ದು? ಹೆಸರು ನಾಲಗೆಗೆ ಹೊರಳುದಿಲ್ಲ ಅಂತ ಒಂದರಿಂದ ಎಂಟರವರೆಗೆ ನಂಬರ್ ಕೊಟ್ಟೆ.

ಪಾರ್ಸೆಲ್ ಹೋಟೆಲಿಗೇ ಬಂತು. ಧಣಿ ಒಂದು ಪ್ಯಾಕೆಟ್ ಮೂಸಿ, ಕಣ್ಣು ದೊಡ್ಡದು ಮಾಡಿ, "ಎಂತ ಮಾರಾಯ ಇದು? ಗಾಂಜಾ ತರ್ಸಿದ್ಯಾ? ಪೊಲೀಸರು ಬಂದ್ರೆ ನಾನು ನಿನ್ನನ್ನೇ ತೋರ್ಸುದು" ಅಂದ್ರು. ಸುತ್ತಲಿದ್ದವರೆಲ್ಲ ನಗಾಡಿದ್ರು.

ಆ ಸೈಟಿನಲ್ಲಿ ಇನ್ನೊಂದು ಉಪದೇಶ ಇತ್ತು. ಬಂದ ಕೂಡ್ಲೇ ಕುಡೀಬೇಡಿ, ಪ್ರಯಾಣ ಮಾಡಿದ ಚಾಕ್ಕೆ ಎರಡು ವಾರ ವಿಶ್ರಾಂತಿ ಕೊಡಿ, ಪ್ಯಾಕೆಟಿನ ಬಾಯಿ ಸ್ವಲ್ಪ ತೆರೆದಿಡಿ. ನನಗೆ ವಾರಕ್ಕೆ ಒಂದು ರಜೆ ಇಲ್ಲ, ಚಾಕ್ಕೆ ಎರಡು ವಾರ ರಜೆ! ಆದ್ರೂ ಇಟ್ಟೆ. ಎಲ್ಲಿ ಇಟ್ಟೆ ಅಂದ್ರೆ, ಹೋಟೆಲಿನವನು ಎಲ್ಲಿ ಇಡ್ತಾನೋ ಅಲ್ಲಿ. ನಮ್ಮಲ್ಲಿ ಬೆಲೆಬಾಳುವ ಸಾಮಾನಿಗೆಲ್ಲ ಇಂಗಿನ ಡಬ್ಬ. ಇರುವೆ ಬರುದಿಲ್ಲ, ಜಿರಳೆ ಹತ್ರ ಸುಳಿಯುದಿಲ್ಲ. ಏಲಕ್ಕಿ ಮಾತ್ರ ಬೇರೆ ಇಡ್ತೇವೆ, ಯಾಕಂತ ನಾನು ಯಾವತ್ತೂ ಕೇಳಿರ್ಲಿಲ್ಲ.

ಎರಡು ವಾರ ಆದ ಮೇಲೆ ಒಂದು ದಿನ ಮಧ್ಯಾಹ್ನ ಮೂರು ಗಂಟೆ, ಊಟದವರು ಹೋಗಿ ಚಾದವರು ಬರುವ ಮೊದ್ಲಿನ ಖಾಲಿ ಹೊತ್ತು. ವಾಸಣ್ಣನ ಎದುರು ಎಂಟು ಗ್ಲಾಸ್ ಸಾಲಾಗಿ ಇಟ್ಟೆ. ಅವರು ಮೊದ್ಲನೇದರಲ್ಲಿ ಒಂದು ಗುಟುಕು ಕುಡಿದು ಆಚೆ ಇಟ್ರು. ಎರಡನೇದು ಕುಡಿದ್ರು. ಅದನ್ನೂ ಆಚೆ ಇಟ್ರು.

"ಹೇಗುಂಟು ವಾಸಣ್ಣ?"

"ಸಾರು."

"ಎಂತ?"

"ಸಾರು ಮಾರಾಯ. ತೊಗರಿ ಬೇಳೆ ಹಾಕ್ಲಿಕ್ಕೆ ಮರ್ತಿದ್ದಾರೆ."

ನಾನೂ ಕುಡಿದೆ. ಅಪ್ಪಟ ಇಂಗು! ನನ್ನ ತಲೆ ಕೆಟ್ಟೋಯ್ತು. ಕಾಡಿನ ನೆಲ ಅಂತ ಬರ್ದು ಇಂಗು ಕಳಿಸಿದ್ದಾರೆ, ಕಳ್ಳರು! ಅಲ್ಲೇ ಫೋನ್ ತೆಗೆದು ಆ ಅಂಗಡಿಯವನಿಗೆ ಹಿಂದಿಯಲ್ಲಿ ಬೈದೆ, ಹಿಂದಿ ಸಾಲದೆ ಮರಾಠಿಯಲ್ಲೂ ಬೈದೆ. ಪಾಪದ ಜನ, ಮೆತ್ತಗೆ ಕೇಳಿದ, "ಭಯ್ಯಾ, ಆಪ್‌ನೇ ರಖಾ ಕಹಾಂ ಥಾ?" ಎಲ್ಲಿ ಇಟ್ಟಿದ್ದಿ ಅಂತ ನನಗೇ ಕೇಳ್ತಾನೆ! "ನಾನು ಚಾದವ, ನನಗೆ ಕಲಿಸ್ಬೇಡ" ಅಂದೆ. ಅವನು ಸಾರಿ ಹೇಳಿ, ಹೊಸ ಸೆಟ್ ಫ್ರೀಯಾಗಿ ಕಳಿಸ್ತೇನೆ ಅಂದ. ಅಷ್ಟಕ್ಕೂ ಬಿಡದೆ ಸೈಟಿನಲ್ಲಿ ಒಂದು ಸ್ಟಾರ್ ಕೊಟ್ಟು, "ಇದು ಚಾ ಅಲ್ಲ, ಇಂಗಿನ ನೀರು, ಯಾರೂ ತಗೊಳ್ಬೇಡಿ" ಅಂತ ಬರ್ದೇ ಬಿಟ್ಟೆ.

ಬರ್ದು ಮುಗಿಸಿ ತಲೆ ಎತ್ತಿದ್ರೆ ವಾಸಣ್ಣ ಅಂಗೈಯಲ್ಲಿ ಏಳನೇ ಪ್ಯಾಕೆಟಿನ ತುಂಡು ಉಜ್ಜಿ ಮೂಸ್ತಾ ಇದ್ದಾರೆ.

"ಇದನ್ನು ಯಾವ ಡಬ್ಬದಲ್ಲಿ ಇಟ್ಟಿದ್ದಿ?"

ನಾನು ಸ್ಟೋರ್ ರೂಮಿಗೆ ಹೋಗಿ ಇಂಗಿನ ಡಬ್ಬ ತಂದು ತೋರ್ಸಿದೆ.

"ಏಲಕ್ಕಿ ಯಾಕೆ ಬೇರೆ ಇಡ್ತೇವೆ ಅಂತ ಇಷ್ಟು ವರ್ಷ ಆದ್ರೂ ಗೊತ್ತಾಗ್ಲಿಲ್ಲ ಅಲ್ವಾ ನಿನಗೆ? ಮೂಗು ಎಂತಕ್ಕೆ ಇಟ್ಟಿದ್ದಾನೆ ದೇವ್ರು, ಶೀತ ಆಗ್ಲಿಕ್ಕಾ?"

ನಾನು ಗ್ಲಾಸೆಲ್ಲ ಚೆಲ್ಲಲಿಕ್ಕೆ ಎತ್ತಿದೆ. ಅವರು ಕೈ ಅಡ್ಡ ಹಿಡಿದ್ರು. "ಏಳನೇದು ಇಲ್ಲಿ ಇಡು" ಅಂದ್ರು. ಇಟ್ಟೆ. ನಿಧಾನಕ್ಕೆ, ಊದಿ ಊದಿ, ಪೂರ್ತಿ ಕುಡಿದ್ರು. ಅಷ್ಟು ತಿಂಗಳಲ್ಲಿ ಒಂದು ಗ್ಲಾಸ್ ಖಾಲಿ ಮಾಡಿ ಕೆಳಗೆ ಇಟ್ಟದ್ದು ಅದೇ ಮೊದ್ಲು.

"ಹೋಟೆಲಿನ ವಾಸನೆ ಬರ್ತದೆ" ಅಂದ್ರು. "ಮನೆಯಲ್ಲಿ ರತ್ನ ಹಾಕುವ ಊಟಕ್ಕೆ ವಾಸನೆಯೇ ಇಲ್ಲ."

ಹೊಸ ಸೆಟ್ ಬಂತು. ಈ ಸಲ ಜಾಗ್ರತೆ ಮಾಡಿ ಗಾಜಿನ ಬಾಟ್ಲಿಯಲ್ಲಿ ಬೇರೆ ಇಟ್ಟೆ. ಒಳ್ಳೆ ಚಾ, ಸುಳ್ಳು ಹೇಳ್ಬಾರ್ದು, ನನಗೆ ಹಿಡಿಸ್ತು. ವಾಸಣ್ಣ ಒಂದು ಗುಟುಕು ಕುಡಿದು, "ಇದ್ರಲ್ಲಿ ಎಂತ ಉಂಟು ಮಣ್ಣು?" ಅಂತ ದೂಡಿದ್ರು. ನನಗೆ ಎಷ್ಟು ಉರೀತು ಗೊತ್ತುಂಟಾ? ಸರಿಯಾಗಿ ಇಟ್ಟದ್ದು ಬೇಡ, ಹಾಳು ಮಾಡಿದ್ದು ಬೇಕು! ಬೈಕೊಂಡೇ ಎಲ್ಲ ಪ್ಯಾಕೆಟನ್ನು ಮತ್ತೆ ಇಂಗಿನ ಡಬ್ಬಕ್ಕೆ ಹಾಕಿದೆ. ಎರಡು ವಾರ ವಿಶ್ರಾಂತಿ. ಆಮೇಲೆ ದಿನಾ ಹನ್ನೊಂದಕ್ಕೆ ಒಂದು ಗ್ಲಾಸ್, ಅವರು ತಂಗಿಯ ಮನೆಯವರ ಜೊತೆ ಡೊಂಬಿವಲಿಗೆ ಹೋಗುವವರೆಗೆ. ಹೋಗುವ ಗಡಿಬಿಡಿಯಲ್ಲಿ ಉಳಿದದ್ದೇ ಈ ಏಳನೇ ನಂಬರ್.

ಆದಿತ್ಯವಾರ ಧಣಿಯಲ್ಲಿ ರಜೆ ಕೇಳಿ, ಅದನ್ನು ಅಂಗಿಯ ಜೇಬಿಗೆ ಹಾಕಿ, ಡೊಂಬಿವಲಿಗೆ ಅಂತ ಥಾಣೆಯ ಟ್ರೇನ್ ಹತ್ತಿದೆ. ಐರೋಲಿ ಬರುವಾಗ ಪಕ್ಕದಲ್ಲಿ ಕೂತ ಅಜ್ಜಿ ಮೂಗು ಎಳೆದು, "ಹಿಂಗಾಚಾ ವಾಸ್ ಯೇತೋಯ್ ಕಾ ರೇ?" ಅಂತ ಕೇಳಿದ್ರು, ಇಂಗಿನ ವಾಸನೆ ಬರ್ತದಾ ಅಂತ. "ಚಹಾ ಆಹೇ ಆಜಿ" ಅಂದೆ. ಅಜ್ಜಿ ನನ್ನನ್ನು ಮೇಲೆ ಕೆಳಗೆ ನೋಡಿ ಸ್ವಲ್ಪ ಆಚೆ ಸರಿದು ಕೂತ್ರು.

ಆಗ ನೆನಪಾಯ್ತು. ಮೊಬೈಲ್ ತೆಗೆದು ಆ ಸೈಟ್ ಹುಡುಕಿದೆ. ನಾನು ಬರ್ದದ್ದು ಹಾಗೇ ಉಂಟು, ಒಂದೇ ಸ್ಟಾರ್. ಅಳಿಸಿ ಐದು ಕೊಟ್ಟೆ. "ಇಂಗು ನನ್ನ ಡಬ್ಬದ್ದು. ಆ ಜನಕ್ಕೆ ನಾನು ಸುಮ್ನೆ ಬೈದೆ" ಅಂತ ಬರ್ದೆ. ರುಚಿ ಹೇಗಿತ್ತು ಅಂತ ಕೇಳುವ ಒಂದು ಖಾನೆ ಉಂಟಲ್ವಾ, ಅಲ್ಲಿ ಮೊದ್ಲು ಇಂಗು ಅಂತ ಬರ್ದು ಅಳಿಸಿದೆ. ಆಮೇಲೆ ಬರ್ದೆ: ಮಧ್ಯಾಹ್ನ ಮೂರು ಗಂಟೆಯ ನಮ್ಮ ಹೋಟೆಲ್. ಓದಿದವರು ನಗಾಡ್ಲಿ. ಚರ್ಮ ಅಂತ ಬರ್ದವನಿಗೂ ಹೀಗೇ ಯಾವುದೋ ಇರ್ಬೇಕು, ಯಾರಿಗೆ ಗೊತ್ತು.

ಡೊಂಬಿವಲಿಯಲ್ಲಿ ವಾಸಣ್ಣ ಕಿಟಕಿಯ ಹತ್ರ ಕುರ್ಚಿಯಲ್ಲಿ ಇದ್ರು. ತುಂಬ ಇಳಿದು ಹೋಗಿದ್ರು. ನನ್ನನ್ನು ನೋಡಿ ಮತ್ತೆ ಕಿಟಕಿಯ ಕಡೆ ತಿರುಗಿದ್ರು. ಟೀಪಾಯಿಯ ಮೇಲೆ ರತ್ನಕ್ಕ ಇಟ್ಟ ನೀರು ಹಾಗೇ ಇತ್ತು. ನಾನು ಪ್ಯಾಕೆಟ್ ಬಿಚ್ಚಿ ಒಂದು ತುಂಡು ಮುರಿದು ಅವರ ಅಂಗೈಯಲ್ಲಿ ಇಟ್ಟೆ. ಹೆಬ್ಬೆರಳಲ್ಲಿ ಉಜ್ಜಿದ್ರು. ಮೂಗಿಗೆ ಹಿಡಿದ್ರು.

"ಯಾವ ಡಬ್ಬ?"

"ಅದೇ ಡಬ್ಬ."

"ಹಾಗಾದ್ರೆ ನೀರು ಇಡು" ಅಂದ್ರು. "ಜಾಸ್ತಿ ಕುದಿಸ್ಬೇಡ."