ಫ್ಲೆಕ್ಸಿನ ಬಾಗಿಲು

ಪಕ್ಕೀರಮ್ಮನ ಮಗಳು ರೇಣುಕಾ ದೊಡ್ಡವಳಾದ ಸುದ್ದಿಯನ್ನು ಹೊಸಹಳ್ಳಿ ಹತ್ತಿರದ ಆ ಊರಿಗೆ ಸಾರಿದ್ದು ಒಂದು ಫ್ಲೆಕ್ಸ್. ಸೋದರಮಾವ ಹುಲುಗಣ್ಣ ಅದನ್ನು ಕೂಡ್ಲಿಗಿಯಲ್ಲಿ ಮಾಡಿಸಿ ಬಸ್ಸು ನಿಲ್ಲುವಲ್ಲೇ ಕಟ್ಟಿಸಿದ್ದ. ಮೇಲೆ ಸೀರೆ ಉಟ್ಟ ರೇಣುಕಾ, ಕೆಳಗೆ ಶುಭ ಕೋರುವ ಗಂಡಸರ ಸಾಲು. ನಟ್ಟನಡುವೆ ಕಪ್ಪು ಕನ್ನಡಕದ ಮಂಜಣ್ಣ, ಊರ ಹೈಸ್ಕೂಲಿನ ಸಮಿತಿಯ ಅಧ್ಯಕ್ಷ. ಮೈಕು ಕೂಗಿತು, ಆರತಿ ಆಯಿತು, ಎಲ್ಲರೂ ಉಂಡು ಕೈ ತೊಳೆದುಕೊಂಡು ಹೋದರು.

ಎಂಥ ಊರಪ್ಪಾ ಇದು! ಹುಡುಗಿ ಮೈನೆರೆದದ್ದು ಹಾದಿಬೀದಿಯವರಿಗೆಲ್ಲ ಗೊತ್ತಾಗಬೇಕು. ತಿಂಗಳು ತಿಂಗಳು ಅವಳು ಬಟ್ಟೆ ಎಲ್ಲಿ ಬದಲಿಸುತ್ತಾಳೆ ಎಂಬುದು ಮಾತ್ರ ಯಾರಿಗೂ ಬೇಡ. ಅವಳು ಓದುವ ಹೈಸ್ಕೂಲಿನ ಹೆಣ್ಣುಮಕ್ಕಳ ಪಾಯಖಾನೆಗೆ ಬಾಗಿಲೇ ಇರಲಿಲ್ಲ. ಗಾಳಿಗೆ ಕಿತ್ತುಹೋದದ್ದನ್ನು ಯಾರೂ ಹಾಕಿಸಿರಲಿಲ್ಲ. ಮುಟ್ಟಾದಾಗೆಲ್ಲ ರೇಣುಕಾ ಮನೆಯಲ್ಲೇ ಉಳಿದಳು. ಒಮ್ಮೆ ಧೈರ್ಯ ಮಾಡಿ ಹೋದವಳು ಸಂಜೆಯವರೆಗೆ ಒಂದೇ ಬಟ್ಟೆಯಲ್ಲಿ ಕೂತು, ತೊಡೆ ಸುಲಿದುಕೊಂಡು ಬಂದಳು.

"ಯವ್ವಾ, ನಾ ಸಾಲಿ ಒಲ್ಲೆ" ಎಂದಳು.

ಕುರಿ ಹೊಡೆದುಕೊಂಡು ಊರೂರು ತಿರುಗುವ ಅಪ್ಪ ಗಾದೆಪ್ಪ ಫೋನಿನಲ್ಲಿ, "ಬಿಡ್ಸು ಮತ್ತ, ಗಂಡು ನೋಡಾಣ" ಎಂದುಬಿಟ್ಟ.

ಪಕ್ಕೀರಮ್ಮನಿಗೆ ಮೈಯೆಲ್ಲ ಉರಿಯಿತು. ಅವಳೂ ಮೈನೆರೆದ ವರ್ಷವೇ ಶಾಲೆ ಬಿಟ್ಟವಳು. ಬಿಟ್ಟದ್ದೇನು, ಬಿಡಿಸಿದ್ದು. ಅಂದಿನಿಂದ ಕಂಡವರ ಹೊಲದಲ್ಲಿ ಶೇಂಗಾ ಕಿತ್ತೇ ಅರ್ಧ ಆಯುಷ್ಯ ಕಳೆದಿತ್ತು. ಮಗಳೂ ಅದೇ ಸಾಲಿನಲ್ಲಿ ಬಗ್ಗಬೇಕೇನು? ಹೆಡ್‌ಮಾಸ್ತರರ ಹತ್ತಿರ ಹೋದರೆ, "ಅನುದಾನ ಬಂದಿಲ್ಲಮ್ಮ" ಎಂದರು. ಮಂಜಣ್ಣನನ್ನು ಕೇಳಿದರೆ ಮುಖ ತಿರುಗಿಸಿದ.

"ಹೆಂಗಸರ ಮಾತು ನನ್ನ ಮುಂದ್ಯಾಕ ತರ್ತಿ, ಯಕ್ಕಾ?"

"ಫ್ಲೆಕ್ಸಿನ್ಯಾಗ ನಿನ್ನ ಮಾರಿ ಹಾಕಿಸ್ಕೊಂಡಾಗ ಅದು ಯಾರ ಮಾತಾಗಿತ್ತು?"

ಮರುದಿನ ಬೆಳಿಗ್ಗೆ ಅವಳು ಬಸ್ಸು ನಿಲ್ಲುವಲ್ಲಿ ಇನ್ನೂ ತೂಗುತ್ತಿದ್ದ ಫ್ಲೆಕ್ಸ್ ಬಿಚ್ಚಿದಳು. ಮಗಳ ಚಿತ್ರ ಕತ್ತರಿಸಿ ಮಡಚಿಟ್ಟುಕೊಂಡಳು. ಉಳಿದದ್ದನ್ನು ಒಯ್ದು ಪಾಯಖಾನೆಯ ಚೌಕಟ್ಟಿಗೆ ಬಿಗಿದಳು, ಗಂಡಸರ ಮುಖಗಳೆಲ್ಲ ಹೊರಗೆ ಕಾಣುವಂತೆ. ಶಾಲೆಗೆ ಶಾಲೆಯೇ ನಕ್ಕಿತು. ಮಂಜಣ್ಣ ಬೈಕಿನಲ್ಲಿ ಹಾರಿಕೊಂಡು ಬಂದ.

"ಮರ್ಯಾದಿ ಐತೇನು ನಿನಗ? ನಮ್ಮ ಮಾರಿ ತಂದು ಎಲ್ಲಿ ಕಟ್ಟೀಯ?"

"ಶುಭ ಕೋರಿದ್ರಲ್ಲಾ, ಈಗ ನಿಂತು ಕಾಯ್ರಿ!"

ಫ್ಲೆಕ್ಸಿಗೆ ಕೈ ಹಾಕಿದವನಿಗೆ ಅವಳು ಕುಡುಗೋಲು ತೋರಿಸಿದಳು. ಇಷ್ಟು ದಿನ ಇಲ್ಲದ ಅನುದಾನ ಎಲ್ಲಿತ್ತೋ! ಹೊತ್ತು ಮುಳುಗುವುದರೊಳಗೆ ಕೂಡ್ಲಿಗಿಯಿಂದ ತಗಡಿನ ಬಾಗಿಲು ಬಂದು ಕೂತಿತು.

"ನನ್ನ ಮಗಳ ಮಾನಕ್ಕ ಬರಲಾರದ ಬಾಗಲಾ ನಿನ್ನ ಮಾರಿಗೆ ಬಂತಲ್ಲೋ, ಮಂಜಣ್ಣ!" ಎಂದು ಅವಳು ಊರು ಕೇಳುವಂತೆ ಕೂಗಿದಳು. ಅವನು ಫ್ಲೆಕ್ಸ್ ಸುತ್ತಿಕೊಂಡು ತಲೆ ಎತ್ತದೆ ಹೋದ.

ಮುಂದೆ ರೇಣುಕಾ ಮುಟ್ಟಾದ ದಿನ ಪಕ್ಕೀರಮ್ಮ ತಾನೇ ಶಾಲೆಗೆ ಕರೆದುಕೊಂಡು ಹೋದಳು. ಹುಡುಗಿ ಪಾಯಖಾನೆಯ ಒಳಗೆ ಹೋದವಳು ಹಾಗೇ ಹೊರಗೆ ಬಂದಳು.

"ಯವ್ವಾ, ಒಳಗ ಚಿಲಕ ಇಲ್ಲ."

ಪಕ್ಕೀರಮ್ಮ ನೋಡಿದಳು. ಚಿಲಕ ಹೊರಗಿತ್ತು, ಬೀಗ ಹಾಕಲು ಕೊಂಡಿಯೂ ಇತ್ತು. ಹಾಳಾದವರಿಗೆ ಬೀಗ ಹಾಕುವುದು ಗೊತ್ತು. ಒಳಗೊಬ್ಬ ಹುಡುಗಿ ಇರುತ್ತಾಳೆ ಎಂಬುದು ಒಬ್ಬನ ತಲೆಗೂ ಹೊಳೆದಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಹೋಗವ್ವಾ, ನಾ ಹಿಡ್ಕೊಂತೀನಿ."

ರೇಣುಕಾ ಹೊರಗೆ ಬರುವಷ್ಟರಲ್ಲಿ ಇನ್ನೂ ಮೂವರು ಹುಡುಗಿಯರು ಬಂದು ನಿಂತಿದ್ದರು. ಪಕ್ಕೀರಮ್ಮ ಅವತ್ತು ಶೇಂಗಾ ಕೀಳಲು ಹೋಗಲಿಲ್ಲ.