ಅಜ್ಜಿಗೆ ಬಂದ ನಾಯಿಕೆಮ್ಮು

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಮಿರಜಿನ ಆಸ್ಪತ್ರೆಯೊಂದರಲ್ಲಿ ಎದೆರೋಗದ ವೈದ್ಯೆಯಾಗಿದ್ದೆ. ವಾರಕ್ಕೊಮ್ಮೆ ಸಾಂಗ್ಲಿಯಲ್ಲಿ ಅರಿಶಿನ ವ್ಯಾಪಾರಿಗಳ ಸಹಕಾರಿ ಸಂಘ ನಡೆಸುತ್ತಿದ್ದ ದವಾಖಾನೆಗೂ ಹೋಗುತ್ತಿದ್ದೆ. ಆಗ ನಮ್ಮ ಕಡೆ ಸಕ್ಕರೆ, ಹಾಲು, ಬ್ಯಾಂಕು ಎಲ್ಲಕ್ಕೂ ಒಂದೊಂದು ಸಂಘ. ಕೆಮ್ಮಿಗೂ ಒಂದಿರಲಿ ಎಂದು ಇದನ್ನು ತೆರೆದಿದ್ದಾರೆ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅರಿಶಿನ ಪಾಲಿಶ್ ಮಾಡುವ ಹಂಗಾಮಿನಲ್ಲಿ ಧೂಳಿಗೆ ಪೇಟೆಯ ಅರ್ಧ ಜನ ಕೆಮ್ಮುತ್ತಿದ್ದರು. ಅದನ್ನು ಯಾರೂ ಕಾಯಿಲೆ ಎಂದು ಎಣಿಸುತ್ತಿರಲಿಲ್ಲ.

ಅಂಥದೊಂದು ಹಂಗಾಮಿನಲ್ಲಿ ನೀಲವ್ವ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಬಹಳ ವರ್ಷಗಳ ಆಸ್ತಮಾ. ಅರಿಶಿನದ ವ್ಯಾಪಾರಿಯಾದ ಮಗ ಮಹಾದೇವ ಕೈಹಿಡಿದು ತಂದು ಕೂರಿಸಿದರು.

“ಮೂರು ವಾರ ಆತ್ರಿ ಬಾಯಾರ, ಅವ್ವನ ಕೆಮ್ಮು ನಿಂತಿಲ್ಲ. ಗೋದಾಮಿನ ಧೂಳಾ ಹತ್ತೈತಿ. ದಮ್ಮಿನ ಗುಳಿಗಿ ಜರಾ ಜಾಸ್ತಿ ಮಾಡ್ರಿ,” ಎಂದರು.

ಮಗ ಹೇಳಿದ್ದನ್ನು ಬರೆದುಕೊಡುವುದಾದರೆ ನಾನೇಕೆ ಬೇಕು? ಸ್ಟೆಥೋಸ್ಕೋಪ್ ಇಟ್ಟು ಕೇಳಿದೆ. ಆಸ್ತಮಾದ ಸಿಳ್ಳೆ ಇತ್ತು, ಆದರೆ ಅಷ್ಟು ಕೆಮ್ಮಿಗೆ ಅದು ಸಾಲದು. ಅಷ್ಟರಲ್ಲಿ ಕೆಮ್ಮು ಬಂದೇಬಿಟ್ಟಿತು. ಒಂದರ ಬೆನ್ನಿಗೊಂದು, ಉಸಿರೆಳೆಯಲು ಬಿಡುವಿಲ್ಲ. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಕೊನೆಗೆ ವಾಂತಿಯಾಯಿತು. ನೀಲವ್ವ ಪಕ್ಕೆ ಹಿಡಿದುಕೊಂಡು ಕುಳಿತರು. ಎಕ್ಸ್‌ರೇ ತೆಗೆಸಿದಾಗ ಪಕ್ಕೆಲುಬೊಂದು ಬಿರುಕು ಬಿಟ್ಟಿತ್ತು.

ಇದು ಪರ್ಟುಸಿಸ್, ಅಂದರೆ ನಾಯಿಕೆಮ್ಮು ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಮಕ್ಕಳಲ್ಲಿ ಕೇಳುವ ಆ ಕೂಗಿನಂಥ ಉಸಿರು ದೊಡ್ಡವರಲ್ಲಿ ಎಷ್ಟೋ ಸಲ ಇರುವುದೇ ಇಲ್ಲ, ಹಾಗಾಗಿ ಯಾರಿಗೂ ಹೊಳೆಯುವುದಿಲ್ಲ. ಮೊದಲೇ ಆಸ್ತಮಾ ಇರುವ ವೃದ್ಧರನ್ನು ಅದು ಹಣ್ಣು ಮಾಡಿಬಿಡುತ್ತದೆ, ನ್ಯುಮೋನಿಯಾಕ್ಕೂ ದಾರಿಯಾಗಬಹುದು. ಕೆಮ್ಮು ಯಾವಾಗ ಹೆಚ್ಚು ಎಂದು ಕೇಳಿದೆ.

“ಮುಂಜಾನೆ ಕೂಸಿಗೆ ಎರದು ಲೋಬಾನದ ಹೊಗಿ ಹಾಕೂಮುಂದ ಭಾಳ ಬರ್ತೈತ್ರಿ,” ಎಂದರು ನೀಲವ್ವ.

“ಯಾವ ಕೂಸು?”

“ಮೊಮ್ಮಗಳು ಸುನಂದಾ ಬಾಣಂತನಕ್ಕ ಬಂದಾಳ್ರಿ. ಕೂಸಿಗೆ ತಿಂಗಳಾತು. ದಿನಾ ನಾನ ಎರೀತೇನಿ.” ಅವರ ಮುಖ ಅಂದು ಮೊದಲ ಸಲ ಅರಳಿತು.

ನಮ್ಮ ಮನೆಗಳಲ್ಲಿ ಕೂಸಿಗೆ ಎರೆಯುವುದು ಹಿರಿಯಳ ಹಕ್ಕು, ಸೊಸೆಗೆ ಸುಲಭಕ್ಕೆ ಸಿಗುವಂಥದ್ದಲ್ಲ. ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಬಾಗಿ ಎಣ್ಣೆ ತಿಕ್ಕಿ ನೀರು ಹಾಕಬೇಕು. ಬಾಗಿದ ಬಾಯಿಯಿಂದ ಬಂದ ಕೆಮ್ಮೆಲ್ಲ ಕೂಸಿನ ಮುಖದ ಮೇಲೆ. ಆ ಕೂಸಿಗೆ ಮೊದಲ ಲಸಿಕೆಯ ವಯಸ್ಸೂ ಆಗಿರಲಿಲ್ಲ.

ನಾನು ವಿಷಯ ಹೇಳಿದಾಗ ನೀಲವ್ವ ನಕ್ಕರು. “ಹಲ್ಲು ಬಿದ್ದ ಮ್ಯಾಲ ನನಗೆಲ್ಲಿ ನಾಯಿಕೆಮ್ಮು? ಅದು ಹುಡುಗೂರ ಬ್ಯಾನಿ ಅಲ್ಲೇನ್ರಿ?”

“ಈಗ ಕೆಮ್ಮಿದಾಗ ನಿಮಗ ಉಸಿರು ಸಿಕ್ಕತೇನು?”

“ಇಲ್ರಿ.”

“ನಿಮಗ ಕೆಮ್ಮಾಕ ಶಕ್ತಿ ಐತಿ. ಕೂಸಿಗೆ ಅದೂ ಇರಂಗಿಲ್ಲ. ಸುಮ್ಮನ ಉಸಿರು ನಿಂತುಬಿಡ್ತೈತಿ.”

ಅವರ ನಗು ಹೋಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದರು: “ಯಾವಾಗಿಂದ ದೂರ ಇರ್ಬೇಕ್ರಿ?”

“ಈಗಿಂದ.”

ಕೆಮ್ಮು ಶುರುವಾಗಿ ಮೂರು ವಾರ ಕಳೆದ ಮೇಲೆ ರೋಗಾಣು ಸಿಗುವುದು ಕಷ್ಟ, ಮೂಗು-ಗಂಟಲಿನ ದ್ರವದ ಪರೀಕ್ಷೆಯನ್ನು ನಂಬಿ ಕೂರುವಂತಿಲ್ಲ. ನಾನು ಕಾಯಲಿಲ್ಲ. ನೀಲವ್ವನಿಗೂ ಮನೆಯ ದೊಡ್ಡವರಿಗೂ ಸೋಂಕು ಹರಡದಂತೆ ಎರಿಥ್ರೊಮೈಸಿನ್ ಶುರುಮಾಡಿದೆ. ಆ ಔಷಧಿ ಆಸ್ತಮಾದ ಥಿಯೋಫಿಲಿನ್ ಗುಳಿಗೆಯ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ಆದ್ದರಿಂದ ಮಗ ಹೆಚ್ಚಿಸಿ ಎಂದ ಗುಳಿಗೆಯನ್ನೇ ಕಡಿಮೆ ಮಾಡಿದೆ. ಕೂಸನ್ನು ಅಂದೇ ಮಿರಜಿನಲ್ಲಿ ಮಕ್ಕಳ ವೈದ್ಯರಿಗೆ ತೋರಿಸಿದೆವು. ಅವರು ಅದರ ಔಷಧಿ ನೋಡಿಕೊಂಡರು. ಬಾಣಂತಿ ಮತ್ತು ಕೂಸಿನ ವಾಸ್ತವ್ಯ ಮಾಳಿಗೆಗೆ ಹೋಯಿತು. ಲೋಬಾನದ, ಅಂದರೆ ಸಾಂಬ್ರಾಣಿಯ, ಹೊಗೆ ಬಂದ್ ಆಯಿತು.

ವಾರದ ಮೇಲೆ ಅವರ ಮನೆಗೇ ಹೋದೆ. ಮಾಳಿಗೆಯಲ್ಲಿ ಸೊಸೆ, ಮಹಾದೇವರ ಹೆಂಡತಿ, ಕೂಸಿಗೆ ಎರೆಯುತ್ತಿದ್ದಳು. ನೀಲವ್ವ ಕೆಳಗೆ ಮೆಟ್ಟಿಲ ಬುಡದಲ್ಲಿ ನಿಂತು, “ಕುತಗಿ ಹಿಡಿ, ಕಿವ್ಯಾಗ ನೀರು ಹೋದೀತು,” ಎಂದು ಕೂಗಿ ಹೇಳುತ್ತಿದ್ದರು. ಕೆಮ್ಮು ಬಂದೊಡನೆ ಮಾತು ಅರ್ಧಕ್ಕೆ ಬಿಟ್ಟು ಪಕ್ಕೆ ಹಿಡಿದುಕೊಂಡು ಹಿತ್ತಲಿಗೆ ನಡೆದರು. ಅವರು ಮರಳಿ ಬಂದಾಗ, ಔಷಧಿ ಕೆಲಸ ಮಾಡಿದೆ, ಕೆಮ್ಮು ಇನ್ನೂ ಬಹಳ ದಿನ ಇರುತ್ತದೆ, ಆದರೆ ಇನ್ನು ಅಂಟುವುದಿಲ್ಲ, ಕೂಸನ್ನು ಎತ್ತಿಕೊಳ್ಳಬಹುದು ಎಂದೆ.

“ಪಕ್ಕಾ ಏನ್ರಿ?”

“ಪಕ್ಕಾ.”

ಅವರು ಮೆಟ್ಟಿಲ ಕಡೆ ನೋಡಿದರು. “ಇನ್ನೊಂದು ವಾರ ಇರ್ಲಿ ಬಾಯಾರ. ನಿಮ್ಮ ಔಷಧದ ಮ್ಯಾಲ ನಂಬಿಕಿ ಐತಿ. ನನ್ನ ಕೆಮ್ಮಿನ ಮ್ಯಾಲ ಇಲ್ಲ.”

ಕೂಸಿಗೆ ಏನೂ ಆಗಲಿಲ್ಲ. ನೀಲವ್ವನ ಕೆಮ್ಮು ನಿಲ್ಲುವ ಹೊತ್ತಿಗೆ ಮಳೆಗಾಲ ಬಂದಿತ್ತು.

ಆಸ್ತಮಾ ಇರುವ ಹಿರಿಯರ ಪ್ರತಿ ಕೆಮ್ಮೂ ಆಸ್ತಮಾದ್ದಲ್ಲ. ನನ್ನ ಕೈಕೆಳಗೆ ಕಲಿತ ವೈದ್ಯರಿಗೆಲ್ಲ ಇದನ್ನು ಹೇಳಿದ್ದೇನೆ. ಅಂಥವರು ಬಂದಾಗ ಮನೆಯಲ್ಲಿ ಕೂಸಿದೆಯೇ ಎಂದು ಕೇಳಿ ಎಂದೂ ಹೇಳಿದ್ದೇನೆ. ನಾನು ಹಾಗೆ ಕೇಳಿದಾಗ ಕೆಲವು ಹಿರಿಯರು ಕೆಮ್ಮುತ್ತಲೇ ಮುಖ ಅರಳಿಸಿ ಹೌದೆನ್ನುತ್ತಿದ್ದರು. ಆಗ ನಾನು ಮೊದಲು ಕೂಸಿನ ಹೆಸರು ಕೇಳುತ್ತಿದ್ದೆ. ಎತ್ತಿಕೊಳ್ಳಬೇಡಿ ಎಂಬ ಮಾತನ್ನು ಆಮೇಲೆ ಹೇಳುತ್ತಿದ್ದೆ.